ಡ್ರಮ್ಮಿನ ಮೇಲಿನ ಹೆಸರು ಯಾರದು?

ನಮ್ಮ ಸಾಗರ, ಹೊಸನಗರದ ಕಡೆಯ ಯಾವ ಯಕ್ಷಗಾನದ ಮದ್ದಳೆಯನ್ನಾದರೂ ಎತ್ತಿ ತಿರುಗಿಸಿ ನೋಡಿದರೆ ಅದು ಯಾರಿಗೆ ಸೇರಿದ್ದು ಎಂಬುದು ತಿಳಿಯುತ್ತದೆ. ಯಾರು ಮಾಡಿದ್ದು ಎಂಬುದು ತಿಳಿಯುವುದಿಲ್ಲ. ಮೇಳದ ಹೆಸರು, ದೇವಸ್ಥಾನದ ಹೆಸರು, ಹರಕೆ ತೀರಿಸಲು ಕೊಟ್ಟವರ ಹೆಸರು, ಕೆಲವೊಮ್ಮೆ ಮನೆಯ ಯಜಮಾನರ ಇನಿಷಿಯಲ್ಲು, ಇವೆಲ್ಲ ಎಣ್ಣೆಬಣ್ಣದಲ್ಲಿ ಬರೆದಿರುತ್ತವೆ. ಹಲಸಿನ ದಿಮ್ಮಿಯನ್ನು ಕೊರೆದವನ ಹೆಸರಾಗಲೀ, ಅದಕ್ಕೆ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಹೊದೆಸಿ ನಡುವೆ ಕರಣೆಯ ಕಪ್ಪು ಲೇಪ ಹಾಕಿದವನ ಹೆಸರಾಗಲೀ ಎಲ್ಲಿಯೂ ಇರುವುದಿಲ್ಲ. ಚಂಡೆಯದೂ ಇದೇ ಕಥೆ, ಡೊಳ್ಳಿನದೂ ಇದೇ ಕಥೆ. ಆದರೆ ಶಿವಮೊಗ್ಗದಲ್ಲಿ ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾ ಹಾಕಿಸಿದರೆ, ವೇದಿಕೆಯ ಹಿಂದುಗಡೆ ಎತ್ತರದಲ್ಲಿ ಕುಳಿತಿರುವ ಡ್ರಮ್ ಸೆಟ್ಟಿನ ಬೇಸ್ ಡ್ರಮ್ಮಿನ ಮೇಲೆ, ಎಲ್ಲರಿಗೂ ಕಾಣುವಂತೆ, ತಯಾರಿಸಿದ ಕಂಪನಿಯ ಹೆಸರು ಇರುತ್ತದೆ. ನುಡಿಸುವವನ ಹೆಸರು ಅಲ್ಲಿ ಇಲ್ಲದಿದ್ದರೂ ನಡೆಯುತ್ತದೆ, ಕಂಪನಿಯ ಹೆಸರು ಇಲ್ಲದೆ ನಡೆಯುವುದಿಲ್ಲ.

ಈ ವ್ಯತ್ಯಾಸ ಬಹುಕಾಲದಿಂದ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಇದಕ್ಕೆ ನಮ್ಮ ಕಡೆ ಸಿಗುವ ಸಿದ್ಧ ಉತ್ತರವೊಂದಿದೆ: ನಮ್ಮ ಕುಶಲಕರ್ಮಿಗಳಿಗೆ ಹೆಸರಿನ ಹಂಬಲ ಇರಲಿಲ್ಲ, ಅವರು ಕೆಲಸವನ್ನು ದೇವರ ಸೇವೆಯೆಂದು ಮಾಡಿದರು, ಪಶ್ಚಿಮದವರು ಮಾತ್ರ ಎಲ್ಲದಕ್ಕೂ ಬೋರ್ಡು ಹಾಕಿಕೊಂಡರು. ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ನನಗೆ ಇದು ಒಪ್ಪಿಗೆಯಾಗಿಲ್ಲ. ಯಾಕೆ ಒಪ್ಪಿಗೆಯಾಗಿಲ್ಲ ಎಂಬುದನ್ನು ಹೇಳಬೇಕಾದರೆ ಷಿಕಾಗೋದ ಒಂದು ಕುಟುಂಬದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ರೇಡಿಯಂ ಅಂಗಡಿಯಲ್ಲಿ

ಆ ಕುಟುಂಬದ ಹೆಸರನ್ನು ನಾನು ಮೊದಲು ಕಂಡದ್ದು ಶಿವಮೊಗ್ಗದ ದುರ್ಗಿಗುಡಿಯ ಹತ್ತಿರದ ಒಂದು ರೇಡಿಯಂ ಅಂಗಡಿಯಲ್ಲಿ. ಕಾಲೇಜಿನ ದಿನಗಳ ಗೆಳೆಯನೊಬ್ಬ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತಿದ್ದ. ಅವನ ಸೆಟ್ಟು ಒಂದೇ ಕಡೆಯದ್ದಾಗಿರಲಿಲ್ಲ. ಡ್ರಮ್ಮುಗಳು ಮೀರತ್‌ನಿಂದ, ಅಂದರೆ ದೇಶದ ಅರ್ಧಕ್ಕರ್ಧ ಮದುವೆ ಬ್ಯಾಂಡುಗಳಿಗೆ ವಾದ್ಯ ಒದಗಿಸುವ ಜಾಲಿ ಕೋಠಿ ಬೀದಿಯಿಂದ ಬಂದವು; ಸ್ಟ್ಯಾಂಡುಗಳನ್ನು ಬೆಂಗಳೂರಿನಲ್ಲಿ ಕೊಂಡದ್ದು; ಪೆಡಲ್ಲು ಯಾರೋ ಬಿಟ್ಟುಕೊಟ್ಟ ಹಳೆಯದು. ಹಬ್ಬದ ಸೀಸನ್ನು ಹತ್ತಿರವಾಗುತ್ತಿದ್ದಾಗ ಅವನು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆ ಅಂಗಡಿಗೆ ಹೋದ. ಬೈಕುಗಳ ನಂಬರ್ ಪ್ಲೇಟು, ಆಟೋಗಳ ಹಿಂದಿನ ‘ಅಮ್ಮನ ಆಶೀರ್ವಾದ’, ಲಾರಿಗಳ ಹಣೆಯ ಮೇಲಿನ ದೇವರ ಹೆಸರು ಇವುಗಳನ್ನು ಕತ್ತರಿಸುವುದು ಅಲ್ಲಿಯ ಕಸುಬು. ಕತ್ತರಿಸಲು ಆಗ ಕಂಪ್ಯೂಟರು ಬಂದಿರಲಿಲ್ಲ, ಗಾಜಿನ ಮೇಲೆ ಹಾಳೆಯಿಟ್ಟು ಬ್ಲೇಡಿನಲ್ಲಿ ಕೊಯ್ಯುತ್ತಿದ್ದರು. ಗೆಳೆಯ ಒಂದು ಹಳೆಯ ಪತ್ರಿಕೆಯ ಚಿತ್ರ ತೋರಿಸಿ, ಲುಡ್ವಿಗ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದೇ ಓರೆ ಬರವಣಿಗೆಯಲ್ಲಿ ಕೊಯ್ದು ಕೊಡುವಂತೆ ಕೇಳಿದ.

ಬ್ಲೇಡು ಹಿಡಿದ ಹುಡುಗ, "ಇದು ನಿಮ್ಮ ಆರ್ಕೆಸ್ಟ್ರಾ ಹೆಸರಾ ಅಣ್ಣ?" ಎಂದ.

"ಅಲ್ಲ ಮಾರಾಯ, ಡ್ರಮ್ ಕಂಪನಿ ಹೆಸರು."

"ಕಂಪನಿ ಹೆಸರಾದ್ರೆ ಕಂಪನಿಯವ್ರೇ ಹಾಕಿ ಕಳಿಸ್ಬೇಕಿತ್ತಲ್ಲ?"

ಗೆಳೆಯ ಸ್ವಲ್ಪವೂ ಅಳುಕದೆ, "ಜನ ನೋಡೋದು ಹೆಸರು ಕಣೋ, ಕೇಳೋದು ಆಮೇಲೆ" ಎಂದ. ಹುಡುಗ ಮತ್ತೆ ಮಾತಾಡದೆ ಕೊಯ್ದುಕೊಟ್ಟ. ಮೀರತ್‌ನ ಮರದ ಮೇಲೆ ಷಿಕಾಗೋದ ಹೆಸರು ಹೊಳೆಯತೊಡಗಿತು, ಆ ವರ್ಷ ಗೆಳೆಯನಿಗೆ ಕಾರ್ಯಕ್ರಮಗಳೂ ಚೆನ್ನಾಗಿ ಸಿಕ್ಕವು. ಅದು ಸ್ಟಿಕ್ಕರಿನ ಮಹಿಮೆಯೋ ಅವನ ಕೈಚಳಕವೋ ಎಂದು ಕೇಳಿದರೆ ಅವನು ಇಂದಿಗೂ ನಗುತ್ತಾನೆ. ನನಗೆ ಮಾತ್ರ ಆ ಹುಡುಗನ ಪ್ರಶ್ನೆ ಮರೆಯಲಿಲ್ಲ. ವಸ್ತುವಿನಿಂದ ಹೆಸರನ್ನು ಬಿಡಿಸಿ ಇನ್ನೊಂದು ವಸ್ತುವಿಗೆ ಅಂಟಿಸಬಹುದಾದರೆ, ಆ ಹೆಸರು ನಿಜವಾಗಿ ಯಾರ ಸ್ವತ್ತು? ಈ ಪ್ರಶ್ನೆಗೆ ಲುಡ್ವಿಗ್ ಕುಟುಂಬದವರಷ್ಟು ದುಬಾರಿ ಬೆಲೆ ತೆತ್ತು ಉತ್ತರ ಕಂಡುಕೊಂಡವರು ವಾದ್ಯಗಳ ಲೋಕದಲ್ಲಿ ಹೆಚ್ಚು ಮಂದಿ ಇಲ್ಲವೆಂದು ತೋರುತ್ತದೆ.

ಒಂದು ಪೆಡಲ್ಲಿನಿಂದ

ವಿಲಿಯಂ ಲುಡ್ವಿಗ್ ಜರ್ಮನಿಯಲ್ಲಿ 1879ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಮನೆಯವರೊಂದಿಗೆ ಷಿಕಾಗೋಕ್ಕೆ ಬಂದವರು. ತಮ್ಮ ಥಿಯೋಬಾಲ್ಡ್ ಕೂಡ ಅವರಂತೆಯೇ ಡ್ರಮ್ ವಾದಕರು. ಆ ಕಾಲದ ನಾಟಕಶಾಲೆಗಳಲ್ಲಿ ದೊಡ್ಡ ಬೇಸ್ ಡ್ರಮ್ಮಿಗೊಬ್ಬ, ಕೋಲಿನಲ್ಲಿ ನುಡಿಸುವ ಚಿಕ್ಕ ಸ್ನೇರ್ ಡ್ರಮ್ಮಿಗೊಬ್ಬ ಎಂದು ಇಬ್ಬರು ಬೇಕಾಗುತ್ತಿದ್ದರು. ಇಲ್ಲವೇ ಒಬ್ಬನೇ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಕೋಲಿನಲ್ಲಿ ಅದಕ್ಕೊಂದು ಇದಕ್ಕೊಂದು ಪೆಟ್ಟು ಕೊಡುತ್ತ ಹೆಣಗಬೇಕಿತ್ತು. ಕಾಲಿನಿಂದ ಒತ್ತುವ ಪೆಡಲ್ಲುಗಳು ಆಗಲೇ ಇದ್ದವು, ಆದರೆ ರ‍್ಯಾಗ್‌ಟೈಮ್ ಸಂಗೀತದ ವೇಗಕ್ಕೆ ಅವು ಸಾಲುತ್ತಿರಲಿಲ್ಲ. ಒಮ್ಮೆ ಹೊಡೆದ ಬಡಿಗೆ ಹಿಂದಕ್ಕೆ ಬಂದು ಸಿದ್ಧವಾಗುವಷ್ಟರಲ್ಲಿ ಮುಂದಿನ ತಾಳ ಕಳೆದುಹೋಗುತ್ತಿತ್ತು. ವಿಲಿಯಂ ತಮ್ಮ ಕಾಲಿಗೆ ಬೇಕಾದ ಪೆಡಲ್ಲನ್ನು ತಾವೇ ರೂಪಿಸಿಕೊಂಡರು. ಜೊತೆಯ ವಾದಕರು ನಮಗೂ ಬೇಕೆಂದರು. 1909ರಲ್ಲಿ ಅಣ್ಣತಮ್ಮಂದಿರು ‘ಲುಡ್ವಿಗ್ ಅಂಡ್ ಲುಡ್ವಿಗ್’ ಎಂಬ ಹೆಸರಿನಲ್ಲಿ ಅದನ್ನು ಮಾಡಿ ಮಾರಲು ತೊಡಗಿದರು.

ಡ್ರಮ್ಮಿನ ಕಂಪನಿಯೊಂದು ಡ್ರಮ್ಮಿನಿಂದಲ್ಲ, ಡ್ರಮ್ಮನ್ನು ಒದೆಯುವ ಸಾಧನದಿಂದ ಆರಂಭವಾಯಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಆ ಪೆಡಲ್ಲಿನಂಥವು ಬಂದ ಮೇಲೆಯೇ ಇಬ್ಬರ ಕೆಲಸ ಒಬ್ಬನ ಕೈಕಾಲಿಗೆ ಬಂದು, ನಾವು ಇಂದು ಡ್ರಮ್ ಸೆಟ್ ಎನ್ನುವ ಜೋಡಣೆ ನೆಲೆನಿಂತದ್ದು. ನಾಟಕಶಾಲೆಯ ಮಾಲೀಕನಿಗೆ ಒಬ್ಬನ ಸಂಬಳ ಉಳಿಯಿತು ಎಂಬುದನ್ನೂ ಸೇರಿಸಿ ಹೇಳಬೇಕು. ಮುಂದೆ ಮನೆಯ ಸಂಬಂಧಿ, ಯಂತ್ರಗಳ ಕೆಲಸ ಬಲ್ಲ ರಾಬರ್ಟ್ ಡ್ಯಾನ್ಲಿ ಜೊತೆಗೂಡಿದರು, ಕಾಲಿನಿಂದಲೇ ಶ್ರುತಿ ಬದಲಿಸಬಹುದಾದ ಟಿಂಪನಿಗಳು, ಅಂದರೆ ಹಂಡೆಯಾಕಾರದ ದೊಡ್ಡ ಡ್ರಮ್ಮುಗಳು, ಬಂದವು. ಅಷ್ಟರಲ್ಲಿ 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಥಿಯೋಬಾಲ್ಡ್ ತೀರಿಕೊಂಡರು. ಹೆಸರಿನಲ್ಲಿ ಇಬ್ಬರು ಲುಡ್ವಿಗ್‌ಗಳು ಉಳಿದರು, ಕಾರ್ಖಾನೆಯಲ್ಲಿ ಒಬ್ಬರೇ.

ಮೂಕಿ ಚಿತ್ರಗಳ ಕಾಲದಲ್ಲಿ ಹಲವು ಚಿತ್ರಮಂದಿರಗಳಲ್ಲಿ ಒಬ್ಬ ಡ್ರಮ್ ವಾದಕನಿದ್ದ. ಪರದೆಯ ಮೇಲೆ ಕುದುರೆ ಓಡಿದರೆ ಗೊರಸಿನ ಸದ್ದು, ರೈಲು ಬಂದರೆ ಸೀಟಿ, ಮಳೆ ಬಂದರೆ ಗುಡುಗು, ಎಲ್ಲವನ್ನೂ ಅವನೇ ಮಾಡಬೇಕು. ಅದಕ್ಕೆ ಬೇಕಾದ ಸಾಮಾನುಗಳ ಮಾರಾಟವೇ ಕಂಪನಿಗಳಿಗೆ ದೊಡ್ಡ ಆದಾಯ. 1927ರ ನಂತರ ಸಿನಿಮಾಕ್ಕೆ ಮಾತು ಬಂತು, ಆ ವಾದಕರ ಕೆಲಸ ಹೋಯಿತು. (ನಮ್ಮ ಟೂರಿಂಗ್ ಟಾಕೀಸುಗಳ ಬಗ್ಗೆ ಅಕ್ಕರೆಯಿಂದ ಬರೆಯುವ ನಾವು, ‘ಟಾಕಿ’ ಬಂದದ್ದರಿಂದ ಯಾರ ಅನ್ನ ಹೋಯಿತು ಎಂದು ಯೋಚಿಸುವುದು ಕಡಿಮೆ.) ಅದಕ್ಕೂ ಮೊದಲು ಬ್ಯಾಂಜೋ ಎಂಬ ತಂತಿವಾದ್ಯದ ತಯಾರಿಕೆಗೆ ಕೈಹಾಕಿ ಕಂಪನಿ ಸಾಕಷ್ಟು ಹಣ ಕಳೆದುಕೊಂಡಿತ್ತು. 1929ರಲ್ಲಿ ವಿಲಿಯಂ ಕಂಪನಿಯನ್ನು ಇಂಡಿಯಾನಾದ ಎಲ್ಕ್‌ಹಾರ್ಟ್ ಊರಿನ ಕಾನ್ ಎಂಬ ದೊಡ್ಡ ವಾದ್ಯ ತಯಾರಿಕಾ ಸಂಸ್ಥೆಗೆ ಮಾರಿದರು. ಕಾರ್ಖಾನೆ ಆ ಊರಿಗೆ ಹೋಯಿತು. ಹಿಂದೆಯೇ ನೌಕರನಾಗಿ ವಿಲಿಯಂ ಕೂಡ ಹೋದರು.

ತನ್ನ ಹೆಸರಿನೊಂದಿಗೆ ಸ್ಪರ್ಧೆ

ಈ ಚರಿತ್ರೆಯಲ್ಲಿ ನಾನು ಮತ್ತೆ ಮತ್ತೆ ನಿಂತು ನೋಡುವ ಜಾಗ ಮುಂದಿನದು. ತಾವೇ ಕಟ್ಟಿದ ಕಂಪನಿಯಲ್ಲಿ ನೌಕರಿ ಮಾಡುವುದು ವಿಲಿಯಂ ಅವರಿಗೆ ಒಗ್ಗಲಿಲ್ಲ. ಅವರು ಕಾನ್ ಬಿಟ್ಟು ಷಿಕಾಗೋಕ್ಕೆ ಮರಳಿ, 1937ರಲ್ಲಿ, ಐವತ್ತೆಂಟರ ಆಸುಪಾಸಿನ ವಯಸ್ಸಿನಲ್ಲಿ, ಇನ್ನೊಂದು ಡ್ರಮ್ ಕಂಪನಿ ಆರಂಭಿಸಿದರು. ಅದಕ್ಕೆ ಲುಡ್ವಿಗ್ ಎಂದು ಹೆಸರಿಡುವ ಹಾಗಿರಲಿಲ್ಲ. ಆ ಹೆಸರು ಕಾನ್ ಸಂಸ್ಥೆಯ ಆಸ್ತಿ. ಅಪ್ಪ ಅಮ್ಮ ಇಟ್ಟ ಹೆಸರನ್ನು ಪತ್ರಕ್ಕೆ ಸಹಿ ಹಾಕಲು ಬಳಸಬಹುದು, ತಾನು ಮಾಡಿದ ಡ್ರಮ್ಮಿನ ಮೇಲೆ ಹಾಕುವಂತಿಲ್ಲ. ಹಾಗಾಗಿ ಇನಿಷಿಯಲ್ಲುಗಳನ್ನಷ್ಟೇ ಸೇರಿಸಿ ಡಬ್ಲ್ಯೂ.ಎಫ್.ಎಲ್. ಡ್ರಮ್ ಕಂಪನಿ ಎಂದು ಕರೆದುಕೊಂಡರು. ಅಂಗಡಿಗಳಲ್ಲಿ ಎರಡೂ ಇರುತ್ತಿದ್ದವು: ಲುಡ್ವಿಗ್ ಮನೆಯವರು ಯಾರೂ ಮುಟ್ಟದ ಲುಡ್ವಿಗ್ ಡ್ರಮ್ಮುಗಳು ಒಂದು ಕಡೆ, ಲುಡ್ವಿಗ್ ಮನೆಯವರೇ ಮಾಡಿದ, ಆ ಹೆಸರಿಲ್ಲದ ಡ್ರಮ್ಮುಗಳು ಇನ್ನೊಂದು ಕಡೆ. ತಾನು ಇಪ್ಪತ್ತು ವರ್ಷ ದುಡಿದು ಬೆಳೆಸಿದ ಹೆಸರಿನ ವಿರುದ್ಧವೇ ಆ ಮನುಷ್ಯ ಗಿರಾಕಿಗಳನ್ನು ಒಲಿಸಿಕೊಳ್ಳಬೇಕಾಯಿತು.

ಈ ಸಲವೂ ಅವರ ಕೈಹಿಡಿದದ್ದು ಪೆಡಲ್ಲೇ. ಸ್ಪೀಡ್ ಕಿಂಗ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಅದನ್ನು ಮುಂದಿನ ಹಲವು ದಶಕಗಳ ಕಾಲ ಡ್ರಮ್ಮರುಗಳು ಬಿಟ್ಟುಕೊಡಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಅಮೆರಿಕದ ಸರ್ಕಾರ ವಾದ್ಯಗಳಲ್ಲಿ ಲೋಹ ತೂಕದ ಶೇ. 10ಕ್ಕಿಂತ ಹೆಚ್ಚು ಇರಬಾರದೆಂದು ಕಟ್ಟುಮಾಡಿತು. ಕಬ್ಬಿಣ ಹಿತ್ತಾಳೆಯ ಬಿಡಿಭಾಗಗಳನ್ನೆಲ್ಲ ಮರದಲ್ಲೇ ಮಾಡಿ ಕಂಪನಿ ಬದುಕಿತು. ಮಗ ಕಿರಿಯ ವಿಲಿಯಂ ಜೊತೆಗೆ ನಿಂತರು. ಕೊನೆಗೆ 1955ರಲ್ಲಿ, ಕಾನ್ ಸಂಸ್ಥೆಗೆ ಡ್ರಮ್ಮಿನ ವ್ಯಾಪಾರ ಬೇಡವಾದಾಗ, ತಂದೆಮಕ್ಕಳು ದುಡ್ಡು ಕೊಟ್ಟು ತಮ್ಮ ಹೆಸರನ್ನು ತಾವೇ ಕೊಂಡುಕೊಂಡರು.

ಆ ಖರೀದಿ ಎಷ್ಟು ಲಾಭದ್ದಾಯಿತು ಎಂಬುದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. 1963ರಲ್ಲಿ ಲಂಡನ್ನಿನ ಡ್ರಮ್ ಸಿಟಿ ಎಂಬ ಅಂಗಡಿಗೆ ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಹೋಗಿ, ಕಪ್ಪು ಮುತ್ತಿನ ಹೊಳಪಿನ ಒಂದು ಲುಡ್ವಿಗ್ ಸೆಟ್ಟನ್ನು ಆರಿಸಿಕೊಂಡರು. ಬೇಸ್ ಡ್ರಮ್ಮಿನ ಮೇಲೆ ತಂಡದ ಹೆಸರು ದೊಡ್ಡದಾಗಿ, ಅದರ ಮೇಲ್ಗಡೆ ಕಂಪನಿಯ ಹೆಸರು. ತಂಡದ ಹೆಸರಿಗೆ ಇಂದು ಜಗತ್ತೇ ಗುರುತಿಸುವ ಆ ಅಕ್ಷರರೂಪವನ್ನು ಅಂಗಡಿಯ ಮಾಲೀಕ ಐವರ್ ಆರ್ಬಿಟರ್ ಅಲ್ಲಿಯೇ ಕಾಗದದ ಮೇಲೆ ಗೀಚಿ ಕೊಟ್ಟರು, ಅದನ್ನು ಡ್ರಮ್ಮಿನ ಮೇಲೆ ಬರೆದವರು ಎಡ್ಡಿ ಸ್ಟೋಕ್ಸ್ ಎಂಬ ಬೋರ್ಡು ಬರೆಯುವ ಕಲಾವಿದರು. ಮರುವರ್ಷ, 1964ರ ಫೆಬ್ರವರಿ 9ರಂದು, ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಸುಮಾರು 7.3 ಕೋಟಿ ಅಮೆರಿಕನ್ನರು ಲುಡ್ವಿಗ್ ಹೆಸರಿನ ಡ್ರಮ್ಮನ್ನು ನೋಡಿದರು. ಷಿಕಾಗೋದ ಕಾರ್ಖಾನೆ ಹಗಲಿರುಳು ನಡೆದರೂ ಬೇಡಿಕೆ ಪೂರೈಸಲಾಗಲಿಲ್ಲ. ಅದೇ ವರ್ಷ ಕಿರಿಯ ವಿಲಿಯಂ ಚಿನ್ನದ ಲೇಪವಿದ್ದ ಒಂದು ಸ್ನೇರ್ ಡ್ರಮ್ಮನ್ನು ರಿಂಗೋಗೆ ಉಡುಗೊರೆ ಕೊಟ್ಟರು. ಕೊಡದೆ ಇರಲು ಸಾಧ್ಯವೇ? ನನ್ನ ಗೆಳೆಯ ದುರ್ಗಿಗುಡಿಯಲ್ಲಿ ಹೇಳಿದ ಮಾತನ್ನೇ ಆ ಸಂಜೆ ಅಮೆರಿಕಕ್ಕೆ ಅಮೆರಿಕವೇ ಹೇಳಿತ್ತು. ಹತ್ತು ವರ್ಷ ಮೊದಲು ಈ ಘಟನೆ ನಡೆದಿದ್ದರೆ ಲಾಭವೆಲ್ಲ ಕಾನ್ ಸಂಸ್ಥೆಯ ಖಾತೆಗೆ ಹೋಗುತ್ತಿತ್ತು, ವಿಲಿಯಂ ಮನೆಯಲ್ಲಿ ಕೂತು ಟಿವಿಯಲ್ಲಿ ತಮ್ಮ ಹೆಸರು ನೋಡಬೇಕಿತ್ತು.

ಹಿರಿಯ ವಿಲಿಯಂ 1973ರಲ್ಲಿ ತೀರಿಕೊಂಡರು. 1981ರಲ್ಲಿ ಕುಟುಂಬ ಕಂಪನಿಯನ್ನು ಸೆಲ್ಮರ್ ಎಂಬ ಸಂಸ್ಥೆಗೆ ಮಾರಿತು, 1984ರಲ್ಲಿ ಕಾರ್ಖಾನೆ ಉತ್ತರ ಕ್ಯಾರೊಲಿನಾದ ಮನ್ರೋ ಊರಿಗೆ ಹೋಯಿತು. ಲೆಕ್ಕ ಹಾಕಿ ನೋಡಿದರೆ, ಹೆಸರು ಪರರ ಕೈಯಲ್ಲಿದ್ದದ್ದು 1929ರಿಂದ 1955ರವರೆಗೆ, ಇಪ್ಪತ್ತಾರು ವರ್ಷ. ಕೊಂಡು ತಂದ ಮೇಲೆ ಮನೆಯಲ್ಲಿ ಉಳಿದದ್ದು 1981ರವರೆಗೆ, ಅದೂ ಇಪ್ಪತ್ತಾರೇ ವರ್ಷ. ಈ ಮಧ್ಯೆ ವಿಚಿತ್ರವೊಂದಿದೆ. ಸೆಲ್ಮರ್ ಮುಂದೆ ಕಾನ್ ಜೊತೆಗೇ ಸೇರಿ ಕಾನ್-ಸೆಲ್ಮರ್ ಆಯಿತು. ಹಾಗಾಗಿ ಲುಡ್ವಿಗ್ ಎಂಬ ಹೆಸರು ಇಂದು ಇರುವ ಸಂಸ್ಥೆಯ ಬೋರ್ಡಿನಲ್ಲಿ, ಅದನ್ನು ಮೊದಲು ಕೊಂಡ ಸಂಸ್ಥೆಯ ಹೆಸರೂ ಇದೆ.

ಇದೇನು ಒಬ್ಬರ ಹಣೆಬರಹವಲ್ಲ. ಇಸ್ತಾನ್‌ಬುಲ್‌ನಲ್ಲಿ 1623ರಿಂದ ಕಂಚಿನ ಸಿಂಬಲ್, ಅಂದರೆ ತಾಳದ ತಟ್ಟೆ, ಮಾಡುತ್ತ ಬಂದ ಅರ್ಮೇನಿಯನ್ ಮನೆತನ ಜಿಲ್ಜಿಯನ್. ಲೋಹ ಬೆರೆಸುವ ಹದವನ್ನು ಮನೆಯ ಗುಟ್ಟಾಗಿ ತಲೆಯಿಂದ ತಲೆಗೆ ಕಾಪಾಡಿಕೊಂಡು ಬಂದವರು, 1929ರಲ್ಲಿ ಅಮೆರಿಕದಲ್ಲಿ ಕಾರ್ಖಾನೆ ತೆರೆದವರು. ಅವರಲ್ಲೂ ಅಣ್ಣತಮ್ಮಂದಿರಿಗೆ ಆಗದೆ ಹೋಗಿ, 1981ರಲ್ಲೇ ಮನೆ ಪಾಲಾಯಿತು. ಕೆನಡಾದ ಕಾರ್ಖಾನೆ ಕಿರಿಯ ರಾಬರ್ಟ್ ಪಾಲಿಗೆ ಬಂತು, ಗುಟ್ಟೂ ಅವರಿಗೆ ಗೊತ್ತಿತ್ತು, ಹೆಸರು ಮಾತ್ರ ಸಿಗಲಿಲ್ಲ. ಅವರು ತಮ್ಮ ಮೂವರು ಮಕ್ಕಳಾದ ಸ್ಯಾಲಿ, ಬಿಲ್ಲಿ, ಆ್ಯಂಡಿ ಇವರ ಹೆಸರುಗಳ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಸೇಬಿಯನ್ ಎಂಬ ಹೊಸ ಹೆಸರು ಕಟ್ಟಿಕೊಂಡರು. ನಮ್ಮ ಮಲೆನಾಡಿನಲ್ಲಿ ಹಿಸ್ಸೆಯಾಗುವಾಗ ತೋಟ, ಗದ್ದೆ, ಬೆಟ್ಟ, ಕಡೆಗೆ ಅಡಿಕೆ ಬೇಯಿಸುವ ಹಂಡೆಗೂ ಪಾಲು ಕೇಳುತ್ತಾರೆ; ಮನೆತನದ ಹೆಸರನ್ನು ಪಾಲು ಮಾಡಿದ್ದು ನಾನು ಕೇಳಿಲ್ಲ. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇರಲಿಲ್ಲ, ಅಷ್ಟೇ.

ಚರ್ಮ ಮತ್ತು ಮಳೆ

ವಾದ್ಯ ಮಾಡುವ ಮನೆತನಗಳ ಹಿರಿಮೆಯೆಂದರೆ ಕೈಯಿಂದ ಕೈಗೆ ಬಂದ ವಿದ್ಯೆ ಎಂದು ನಾವು ಭಾವಿಸುತ್ತೇವೆ. ಲುಡ್ವಿಗ್ ಕಥೆಯಲ್ಲಿ ಆ ವಿದ್ಯೆಯ ಮುಖ್ಯ ಭಾಗವಾದ ಚರ್ಮದ ಕೆಲಸವೇ ನಡುದಾರಿಯಲ್ಲಿ ಬಿಟ್ಟುಹೋಯಿತು. 1950ರ ದಶಕದವರೆಗೆ ಡ್ರಮ್ಮಿಗೆ ಹೊದೆಸುತ್ತಿದ್ದದ್ದು ಎಳಗರುವಿನ ಚರ್ಮ. ತೇವವಾದರೆ ಅದು ಸಡಿಲವಾಗುತ್ತದೆ, ಒಣ ಹವೆಯಲ್ಲಿ ಬಿಗಿದು ಹರಿಯುತ್ತದೆ. 1956 ಮತ್ತು 1957ರಲ್ಲಿ ಚಿಕ್ ಇವಾನ್ಸ್, ರೆಮೋ ಬೆಲ್ಲಿ ಎಂಬಿಬ್ಬರು ಬೇರೆ ಬೇರೆಯಾಗಿ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಹೊದಿಕೆಯನ್ನು ಮಾರುಕಟ್ಟೆಗೆ ತಂದರು. ಲುಡ್ವಿಗ್ ಕಂಪನಿಯೂ ಹಿಂದೆ ಬೀಳದೆ ತನ್ನದೇ ಪ್ಲಾಸ್ಟಿಕ್ ಹೊದಿಕೆ ಮಾಡಿತು, ಅದಕ್ಕೆ ಇಟ್ಟ ಹೆಸರು ‘ವೆದರ್ ಮಾಸ್ಟರ್’. ಚರ್ಮ ಹೋಯಿತು, ಊರು ಬದಲಾಯಿತು, ಕುಟುಂಬ ಹೊರಬಂತು, ಹೆಸರು ಉಳಿಯಿತು.

ಹವಾಮಾನವನ್ನು ಗೆಲ್ಲುವುದೆಂದರೆ ಏನೆಂಬುದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಇರುವ ಜಿಲ್ಲೆ ನಮ್ಮದು. ಮೇಳಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸುತ್ತವೆ, ಆದರೆ ವೇಷವಿಲ್ಲದೆ ಕುಳಿತು ನಡೆಸುವ ಮನೆಯೊಳಗಿನ ತಾಳಮದ್ದಳೆಗೆ ಅದೇ ಹಂಗಾಮು. ಆಷಾಢದ ರಾತ್ರಿ ಮದ್ದಳೆಯನ್ನು ಅಟ್ಟದಿಂದ ಇಳಿಸಿದರೆ ಅದು ಸ್ವರ ಬಿಡಬೇಕಲ್ಲ. ನಮ್ಮಜ್ಜ ಬಚ್ಚಲ ಒಲೆಯ ಕೆಂಡವನ್ನು ಬಾಣಲೆಗೆ ತೋಡಿ ತರಿಸಿ, ಮುಚ್ಚಿಗೆಯನ್ನು ದೂರದಿಂದಲೇ ತೋರಿಸುತ್ತ, ಆಗಾಗ ಬೆರಳಿನಲ್ಲಿ ತಟ್ಟುತ್ತ, ಶ್ರುತಿಗೆ ಬಂತು ಎನ್ನಿಸುವವರೆಗೆ ಭಾಗವತರನ್ನು ಕಾಯಿಸುತ್ತಿದ್ದರು. ಇಂದು ಡೊಳ್ಳಿನ ತಂಡಗಳೂ ಮೆರವಣಿಗೆಯ ಡೋಲಿನವರೂ ಪ್ಲಾಸ್ಟಿಕ್ ಹೊದಿಕೆ ಹಾಕಿಸುತ್ತಿದ್ದರೆ ಅದನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಶ್ರಾವಣ ಭಾದ್ರಪದದ ಮಳೆಯಲ್ಲಿ ನೆನೆದ ಚರ್ಮವನ್ನು ಬಡಿದವರಿಗೇ ಅದರ ಕಷ್ಟ ಗೊತ್ತು. ಆದರೆ ಇದರಿಂದ ಯಾರ ಕೆಲಸ ಹೋಗುತ್ತದೆ ಎಂಬ ಪ್ರಶ್ನೆ ಇದೆ, ಹೋದವರಿಗೆ ಹಿಂದೆ ಏನು ಉಳಿಯುತ್ತದೆ ಎಂಬ ಪ್ರಶ್ನೆಯೂ ಇದೆ. ಷಿಕಾಗೋದಲ್ಲಿ ಚರ್ಮ ಹೋದ ಮೇಲೂ ಮಾರಲು ಒಂದು ಹೆಸರಿತ್ತು.

ಅಂಗಳ ಮತ್ತು ಜಗುಲಿ

ನಮ್ಮ ಮನೆಯ ಮದ್ದಳೆಗೆ ಹೊಸ ಮುಚ್ಚಿಗೆ ಹಾಕಲು ಹೊಳೆಯಾಚೆಯ ಕೇರಿಯಿಂದ ಒಬ್ಬರು ಬರುತ್ತಿದ್ದರು. ಸಾಮಾನ್ಯವಾಗಿ ನವರಾತ್ರಿ ಕಳೆದು, ಮಳೆ ಹಿಂದಾಗಿ, ಕೊನೆಕೊಯ್ಲಿನ ಗಡಿಬಿಡಿ ಇನ್ನೂ ಹತ್ತದಿದ್ದ ದಿನಗಳಲ್ಲಿ. ಚರ್ಮವನ್ನು ಹಿಂದಿನ ದಿನವೇ ನೆನೆಸಿ ತಂದಿರುತ್ತಿದ್ದರು. ಅಂಗಳದಲ್ಲಿ ಗೋಣಿತಾಟು ಹಾಸಿ ಕುಳಿತು, ಮದ್ದಳೆಯನ್ನು ಎರಡು ಪಾದಗಳ ನಡುವೆ ಹಿಡಿದು, ಬಾರನ್ನು ಕಣ್ಣಿಯಿಂದ ಕಣ್ಣಿಗೆ ಎಳೆಯುತ್ತ ಸುತ್ತು ಬರುವರು. ಒಂದು ಸುತ್ತು ಬಿಗಿದ ಮೇಲೆ ಅಂಚಿನ ಮೇಲೆ ಸಣ್ಣ ಪೆಟ್ಟು ಕೊಟ್ಟು ಕಿವಿ ಹತ್ತಿರ ತರುವರು; ಒಂದು ಮೂಲೆಯಲ್ಲಿ ಸ್ವರ ತಗ್ಗಿದ್ದರೆ ಅಲ್ಲಿ ಮಾತ್ರ ಇನ್ನೊಂದು ಎಳೆತ. ಕರಣೆಯ ಕೆಲಸ ಇನ್ನೂ ನಿಧಾನದ್ದು. ಅನ್ನ ಮತ್ತು ನುಣ್ಣಗೆ ಅರೆದ ಕಿಟ್ಟದ ಪುಡಿಯನ್ನು ಕಲಸಿ, ಬೆರಳ ತುದಿಯಷ್ಟನ್ನು ನಡುವೆ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜಿ ಉಜ್ಜಿ ಒಣಗಿಸಬೇಕು, ಅದರ ಮೇಲೆ ಇನ್ನೊಂದು ಪದರ, ಅದನ್ನೂ ಉಜ್ಜಬೇಕು. ದಪ್ಪವಾಗಿ ಒಂದೇ ಸಲ ಬಳಿದರೆ ನಾಲ್ಕು ದಿನದಲ್ಲಿ ಎದ್ದುಹೋಗುತ್ತದೆ. ಜಗುಲಿಯ ಮೇಲೆ ಶ್ರುತಿಪೆಟ್ಟಿಗೆ ಒತ್ತುತ್ತ ಕುಳಿತ ಅಜ್ಜ, "ಇನ್ನೊಂದು ಚೂರು ಬೇಕನ, ನೋಡು" ಎನ್ನುವರು. ಕೆಳಗಿನಿಂದ ಅವರು, "ಇವತ್ತು ಇಷ್ಟೇ ಇರ‍್ಲಿ ಒಡೇರೇ, ಒಣಗಿದ ಮೇಲೆ ಅದೇ ಏರ‍್ತದೆ" ಎನ್ನುವರು. ಏರುತ್ತಲೂ ಇತ್ತು. ಶ್ರುತಿಯ ವಿಷಯದಲ್ಲಿ ಅಜ್ಜ ಇನ್ನೊಬ್ಬರ ಮಾತಿಗೆ ಸುಮ್ಮನಾಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಆದರೂ ಅವರು ಅಂಗಳದಲ್ಲಿದ್ದರು, ಅಜ್ಜ ಜಗುಲಿಯ ಮೇಲಿದ್ದರು. ಅವರಿಗೆ ಕಾಫಿ ಕೊಡುವ ಲೋಟ ಬೇರೆ ಇತ್ತು. ಅವರ ಕೈಯಿಂದ ಹೊರಬಿದ್ದ ಮದ್ದಳೆ ಮಾತ್ರ ಅದೇ ಸಂಜೆ ಒಳಗೆ ಹೋಗಿ ದೇವರ ಮುಂದೆ ಕೂರುತ್ತಿತ್ತು, ಆಟದ ದಿನ ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಯ ಎದುರು ಪೂಜೆ ಪಡೆಯುತ್ತಿತ್ತು. ಆಟದ ಹ್ಯಾಂಡ್‌ಬಿಲ್ಲಿನಲ್ಲಿ ಭಾಗವತರು, ಮದ್ದಳೆಗಾರರು, ಚಂಡೆಯವರು, ಮುಮ್ಮೇಳದವರು, ಶಾಮಿಯಾನದವರು, ಧ್ವನಿವರ್ಧಕದವರು ಎಲ್ಲರ ಹೆಸರೂ ಅಚ್ಚಾಗುತ್ತಿತ್ತು. ವಾದ್ಯ ಕಟ್ಟಿದವರ ಹೆಸರು ಹಿಮ್ಮೇಳದವರ ಬಾಯಲ್ಲಿ ಬಹಳ ಗೌರವದಿಂದ ಇರುತ್ತಿತ್ತು, "ಅವನ ಕೈದೇ ಆಗ್ಬೇಕು" ಎನ್ನುತ್ತಿದ್ದರು, ಅಚ್ಚಿಗೆ ಬರಲಿಲ್ಲ. ಹೆಸರಿನ ಹಂಬಲವಿಲ್ಲದ ಸೇವೆ ಎಂಬ ಮಾತು ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ. ಜಗುಲಿ ಹತ್ತಲು ಬಿಡದವನನ್ನು ವಾದ್ಯದ ಮೇಲೆ ಹೆಸರು ಬರೆದುಕೊಳ್ಳಲು ಯಾರು ಬಿಡುತ್ತಿದ್ದರು? ಅವರು ಬೇಡವೆಂದದ್ದನ್ನು ನಾವು ಯಾರೂ ಕೇಳಿಸಿಕೊಂಡಿಲ್ಲ, ಏಕೆಂದರೆ ಬೇಕೇ ಎಂದು ಯಾರೂ ಕೇಳಿರಲಿಲ್ಲ.

ನಮ್ಮಲ್ಲಿ ಕೆಲಸದ ಮೇಲೆ ಹೆಸರು ಹಾಕುವ ರೂಢಿಯೇ ಇರಲಿಲ್ಲ ಎಂದು ವಾದಿಸುವವರು ಬೇಲೂರಿಗೆ ಹೋಗಿ ಬರಬೇಕು. ಅಲ್ಲಿಯ ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ, ಅವನ್ನು ಕಡೆದ ಶಿಲ್ಪಿಗಳು ತಮ್ಮ ಹೆಸರನ್ನಷ್ಟೇ ಅಲ್ಲ, ಊರನ್ನು, ತಂದೆಯ ಹೆಸರನ್ನು, ಬಿರುದುಗಳನ್ನು ಕೂಡ ಕೆತ್ತಿದ್ದಾರೆ. ಅವರಲ್ಲಿ ಮುಖ್ಯರಾದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು, ಅಂದರೆ ನಮ್ಮ ಶಿಕಾರಿಪುರ ತಾಲ್ಲೂಕಿನವರು. 1117ರಲ್ಲಿ ಪ್ರತಿಷ್ಠೆಯಾದ ದೇವಾಲಯವದು. ತಂದೆಮಕ್ಕಳ ಕಾರ್ಯಾಗಾರವೊಂದು ಒಂಬೈನೂರು ವರ್ಷಗಳ ಹಿಂದೆ, ರಾಜನೊಬ್ಬನ ದೇವಾಲಯದ ಗೋಡೆಯ ಮೇಲೆ, ದೇವರ ಎದುರಿಗೇ ತನ್ನ ಗುರುತು ಹಾಕಿದೆ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಮಲ್ಲಿತಮ್ಮನದೂ ಇದೆ. ಹಂಬಲವೂ ಇತ್ತು, ರೂಢಿಯೂ ಇತ್ತು. ಕಲ್ಲು ಮುಟ್ಟಿದವರಿಗೆ ಸಿಕ್ಕ ಅವಕಾಶ ಚರ್ಮ ಮುಟ್ಟಿದವರಿಗೆ ಸಿಗಲಿಲ್ಲ.

ಈಗ ಒಂದು ಬೋರ್ಡು

ಮದ್ದಳೆಗೆ ಮುಚ್ಚಿಗೆ ಹಾಕುತ್ತಿದ್ದ ಆ ಹಿರಿಯರ ಮೊಮ್ಮಗ ಈಗಲೂ ಕೆಲಸ ಮಾಡುತ್ತಾನೆ. ಸಾಗರದ ಹೊರಗೆ ರಸ್ತೆಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದಾನೆ. ಮದ್ದಳೆ, ಚಂಡೆ, ಡೊಳ್ಳು, ಶಾಲೆಗಳ ಬ್ಯಾಂಡಿನ ಡ್ರಮ್ಮು, ಯಾವುದು ಬಂದರೂ ರಿಪೇರಿ ಮಾಡಿಕೊಡುತ್ತಾನೆ. ಅಜ್ಜನಂತೆ ಮನೆಮನೆಗೆ ಹೋಗುವುದಿಲ್ಲ, ಬೇಕಾದವರೇ ವಾದ್ಯ ಹೊತ್ತು ತರಬೇಕು. ನಮ್ಮನ್ನು ಒಡೇರೇ ಎನ್ನುವುದಿಲ್ಲ, ಸಾರ್ ಎನ್ನುತ್ತಾನೆ, ಕೂರಲು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಚಹಾ ತರಿಸುತ್ತಾನೆ. ಲುಡ್ವಿಗ್ ಕಥೆಯನ್ನು ಅವನಿಗೆ ಹೇಳಿ, ನೀನೂ ಯಾಕೆ ಹೆಸರು ಹಾಕಬಾರದು ಎಂದೆ. ಅವನು ನಕ್ಕು, "ಹೆಸರು ಹಾಕಿದ್ರೆ ಯಾರೋ ಕೆಡಿಸಿದ್ದನ್ನೂ ನನ್ನ ತಲೆಗೇ ಕಟ್ತಾರೆ ಸಾರ್. ಮೊಬೈಲ್ ನಂಬರ್ ಹಾಕಿದ್ರೆ ಕೆಲಸ ಆದ್ರೂ ಬರ‍್ತದೆ" ಎಂದ. ಕೆಲವು ವಾದ್ಯಗಳ ಒಳಗೆ ಮಾರ್ಕರಿನಲ್ಲಿ ನಂಬರ್ ಬರೆಯುತ್ತಾನಂತೆ. ಅದು ಮುಂದಿನ ಸಲ ಮುಚ್ಚಿಗೆ ಬಿಚ್ಚುವವನಿಗೆ ಮಾತ್ರ ಕಾಣುತ್ತದೆ, ಬಿಚ್ಚುವವನೂ ಇವನೇ.

ಈಚೆಗೆ ಬೆಂಗಳೂರಿನಿಂದ ಊರಿಗೆ ಮರಳಿದ ನಮ್ಮ ಪೈಕಿಯ ಹುಡುಗನೊಬ್ಬ ಅವನ ಮುಂದೆ ಒಂದು ಪ್ರಸ್ತಾಪ ಇಟ್ಟಿದ್ದಾನೆ. ಮಲೆನಾಡಿನ ವಾದ್ಯಗಳನ್ನು ಆನ್‌ಲೈನಿನಲ್ಲಿ ಮಾರುವುದು, ಒಳ್ಳೆಯ ಫೋಟೋ, ಒಳ್ಳೆಯ ಪೆಟ್ಟಿಗೆ, ಹಿತ್ತಾಳೆಯ ಒಂದು ಪಟ್ಟಿಯಲ್ಲಿ ಹೆಸರು. ಹುಡುಗ ಕೆಟ್ಟವನಲ್ಲ, ಪ್ರತಿ ವಾದ್ಯಕ್ಕೆ ಅವನು ಕೊಡುತ್ತೇನೆಂದ ಮಜೂರಿಯೂ ಈಗಿನದಕ್ಕಿಂತ ಹೆಚ್ಚೇ. ಹೆಸರು ಮಾತ್ರ ಹುಡುಗನ ಮನೆತನದ್ದು, ಅದನ್ನು ಅವನ ಹೆಸರಿನಲ್ಲೇ ಟ್ರೇಡ್‌ಮಾರ್ಕ್ ಮಾಡಿಸುವುದೆಂದು ಯೋಚನೆ. ನಮ್ಮ ಕಾನೂನಿನಲ್ಲಿ ಒಮ್ಮೆ ನೋಂದಾಯಿಸಿದರೆ ಹತ್ತು ವರ್ಷ, ಆಮೇಲೆ ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು. ಹಿತ್ತಾಳೆಯ ಪಟ್ಟಿಯ ಮೇಲೆ ಮಾಡಿದವನ ಹೆಸರು ಇರಲಿ, ನೋಂದಣಿಯಲ್ಲಿ ಅವನಿಗೆ ಪಾಲಿರಲಿ ಎಂದು ನಾನು ಹುಡುಗನಿಗೆ ಹೇಳಿದೆ. ಅವನು, "ಬಂಡವಾಳ ನಂದಲ್ವಾ ಮಾವ?" ಎಂದ. ಅದೂ ಸುಳ್ಳಲ್ಲ. ಕಾನ್ ಸಂಸ್ಥೆಯದೂ ಅದೇ ಮಾತಾಗಿತ್ತು.

ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿದಾಗ ಮೊಮ್ಮಗ ಬಹಳ ಹೊತ್ತು ಮಜೂರಿ, ಚರ್ಮದ ಬೆಲೆ, ಹಲಸಿನ ಮರ ಸಾಗಿಸುವ ಖರ್ಚು ಇವುಗಳ ಬಗ್ಗೆಯೇ ಮಾತಾಡಿದ. ಹೆಸರಿನ ಸುದ್ದಿ ಎತ್ತಿದ್ದು ಕೊನೆಯಲ್ಲಿ. "ಈಗೇನೋ ನಿಮ್ಮ ಹೆಸರು ಇರ‍್ಲಿ. ನಾಳೆ ನನ್ನ ಮಗ ಬೇರೆ ಅಂಗಡಿ ಹಾಕಿದ್ರೆ, ‘ಆ ಮದ್ದಳೆ ಮಾಡ್ತಿದ್ದದ್ದು ನಾವೇ’ ಅಂತ ಬೋರ್ಡಿನಲ್ಲಿ ಬರೆಸ್ಬಹುದಾ?" ಎಂದು ಕೇಳಿದ. ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಶಿವಮೊಗ್ಗದಲ್ಲಿ ಪರಿಚಯದ ಲಾಯರೊಬ್ಬರಿದ್ದಾರೆ, ಅವರನ್ನು ಕೇಳಿ ಬರುತ್ತೇನೆ, ಅಲ್ಲಿಯವರೆಗೆ ಅಗ್ರಿಮೆಂಟಿಗೆ ಸಹಿ ಬೇಡ ಎಂದ.